ಸುಟ್ಟು ಉಳಿಸಿದ ನೆನಪುಗಳು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ನಟಿಸಿದ ಈ ಚಿತ್ರವನ್ನು ಆ ಕಾಲದ ಜನ ಮುಗಿಬಿದ್ದು ನೋಡಿದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಚಿತ್ರಮಂದಿರಗಳಲ್ಲಿ ಮೆರೆದ ಚಿತ್ರದ ಗತಿಯೇ ಇದಾದರೆ, ಮನೆಯ ಬೀರುವಿನಲ್ಲಿ ಬಟ್ಟೆಗಳ ಹಿಂದೆ ಕುಳಿತಿರುವ ಮದುವೆಯ ಕ್ಯಾಸೆಟ್ಟಿನ, ಅಜ್ಜಿಯ ದನಿ ಇರುವ ಟೇಪಿನ ಪಾಡೇನು? ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಲಕ್ಷಾಂತರ ಕುಟುಂಬಗಳು ಈ ಪ್ರಶ್ನೆಗೆ ಒಂದು ಸಣ್ಣ ಯಂತ್ರದಲ್ಲಿ ಉತ್ತರ ಹುಡುಕಿದವು. ಅದೇ ಡಿವಿಡಿ ಬರ್ನರ್. ಕನ್ನಡದಲ್ಲಿ ಸುಡುವುದೆಂದರೆ ಇಲ್ಲವಾಗಿಸುವುದು. ಈ ಯಂತ್ರದ ಪರಿಭಾಷೆಯಲ್ಲಿ ಮಾತ್ರ ಸುಡುವುದೆಂದರೆ ಉಳಿಸುವುದು.

ಮನೆಯ ಸಿನಿಮಾದ ಇತಿಹಾಸ ಇದಕ್ಕಿಂತ ಬಹಳ ಹಿಂದಿನದು. 1922ರಲ್ಲಿ ಫ್ರಾನ್ಸಿನ ಪಾಥೆ ಕಂಪೆನಿ 9.5 ಮಿ.ಮೀ. ಫಿಲ್ಮನ್ನೂ, ಮರುವರ್ಷ ಅಮೆರಿಕದ ಕೊಡಾಕ್ ಕಂಪೆನಿ 16 ಮಿ.ಮೀ. ಫಿಲ್ಮನ್ನೂ ಹೊರತಂದವು. 1932ರಲ್ಲಿ ಇನ್ನೂ ಅಗ್ಗದ 8 ಮಿ.ಮೀ. ಫಿಲ್ಮ್ ಬಂತು; 1965ರಲ್ಲಿ ಸೂಪರ್ 8 ಬಂತು. ಇವುಗಳಲ್ಲಿ ಬಹುಪಾಲು ‘ರಿವರ್ಸಲ್’ ಜಾತಿಯವು. ಅಂದರೆ ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಸಂಸ್ಕರಣೆಗೊಂಡು ಪ್ರೊಜೆಕ್ಟರಿನೊಳಗೂ ಓಡುತ್ತಿತ್ತು. ನೆಗೆಟಿವ್ ಎಂಬುದೇ ಇರುತ್ತಿರಲಿಲ್ಲ. ಹೀಗಾಗಿ ಮನೆಯ ಸಿನಿಮಾ ಹುಟ್ಟಿನಿಂದಲೇ ಒಂಟಿ ಪ್ರತಿ. ಅದು ಹರಿದರೆ ಅಥವಾ ವಿನೆಗರ್ ವಾಸನೆ ಬೀರುತ್ತ ಮುರುಟಿಹೋದರೆ ಅಲ್ಲಿಗೆ ಕಥೆ ಮುಗಿಯಿತು.

ಇಂಥ ಚಿತ್ರಗಳಿಗೆ ಮನೆಯವರಾಚೆ ಬೆಲೆಯಿಲ್ಲ ಎಂಬ ಭಾವನೆ ಸಹಜ. ಆದರೆ ಇತಿಹಾಸ ಬೇರೆಯೇ ಹೇಳುತ್ತದೆ. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿ ಅವರ ಹತ್ಯೆಯನ್ನು ಸೆರೆಹಿಡಿದದ್ದು ಅಬ್ರಹಾಂ ಝಪ್ರೂಡರ್ ಎಂಬ ಉಡುಪು ವ್ಯಾಪಾರಿಯ 8 ಮಿ.ಮೀ. ಕ್ಯಾಮೆರಾ. ಸುಮಾರು 26 ಸೆಕೆಂಡುಗಳ ಆ ತುಣುಕನ್ನು 1994ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ, ಯೂಟಾ ರಾಜ್ಯದ ಟೊಪಾಜ್ ಶಿಬಿರದಲ್ಲಿ ಡೇವ್ ಟಾಟ್ಸುನೊ ಎಂಬವರು ಕದ್ದು ತರಿಸಿಕೊಂಡ ಕ್ಯಾಮೆರಾದಲ್ಲಿ ಅಲ್ಲಿನ ದಿನಚರಿಯನ್ನು ಬಣ್ಣದಲ್ಲಿ ಚಿತ್ರೀಕರಿಸಿದರು. ಸರ್ಕಾರದ ಕಡತಗಳಲ್ಲಿ ಕಾಣದ ಬದುಕು ಅಲ್ಲಿದೆ. 1996ರಲ್ಲಿ ಅದೂ ಅದೇ ದಾಖಲೆಗೆ ಸೇರಿತು. ಯಾವ ಮನೆಯ ಚಿತ್ರ ನಾಳೆ ಇತಿಹಾಸವಾದೀತು ಎಂದು ಚಿತ್ರಿಸಿದವನಿಗೂ ತಿಳಿದಿರುವುದಿಲ್ಲ.

ಭಾರತದ ಮಧ್ಯಮವರ್ಗಕ್ಕೆ ಫಿಲ್ಮ್ ಕ್ಯಾಮೆರಾ ಎಟುಕದ ವಸ್ತುವಾಗಿತ್ತು. ಮನೆಯ ಚಿತ್ರ ಇಲ್ಲಿ ವ್ಯಾಪಕವಾದದ್ದು ವಿಡಿಯೊ ಬಂದ ಮೇಲೆ. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಜಪಾನಿನಲ್ಲಿ ಹುಟ್ಟಿದವು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟೆಲಿವಿಷನ್ ಬಂದದ್ದೇ ತಡ, ವಿಡಿಯೊ ಕ್ಯಾಸೆಟ್ಟು ನಗರಗಳಿಂದ ತಾಲ್ಲೂಕು ಕೇಂದ್ರಗಳವರೆಗೆ ಹಬ್ಬಿತು. ಮದುವೆ, ನಾಮಕರಣ, ಊರ ಜಾತ್ರೆ, ಯಕ್ಷಗಾನ ಬಯಲಾಟ ಎಲ್ಲವೂ ಟೇಪಿಗೆ ಏರಿದವು.

ಟೇಪಿನ ದೌರ್ಬಲ್ಯ ಎರಡು ಬಗೆಯದು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಾಂತೀಯ ಪುಡಿಯೇ ಅದರ ಜೀವ. ಕರಾವಳಿ ಮಲೆನಾಡುಗಳ ತೇವದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಹಿಡಿಯದಿದ್ದರೂ ಕಾಲಕ್ರಮದಲ್ಲಿ ಸಂಕೇತ ಮಸುಕಾಗುತ್ತದೆ. ಎರಡನೆಯದಾಗಿ, ಅನಲಾಗ್ ಟೇಪಿನಿಂದ ಟೇಪಿಗೆ ಪ್ರತಿ ತೆಗೆದಾಗಲೆಲ್ಲ ಚಿತ್ರ ಇನ್ನಷ್ಟು ಕೆಡುತ್ತದೆ. ಪ್ರತಿಯ ಪ್ರತಿಯಲ್ಲಿ ಮದುಮಗಳ ಮುಖವೇ ಗುರುತು ಸಿಗದು. ಅಂಕೆಗಳಲ್ಲಿ ಬರೆದಿಡುವ ಡಿಜಿಟಲ್ ವಿಧಾನಕ್ಕೆ ಈ ಎರಡನೆಯ ಶಾಪವಿಲ್ಲ. ನೂರನೆಯ ಪ್ರತಿಯೂ ಮೂಲದಷ್ಟೇ ಸ್ವಚ್ಛ.

ಡಿವಿಡಿ ರಂಗಕ್ಕೆ ಬಂದದ್ದು ಈ ಹಿನ್ನೆಲೆಯಲ್ಲಿ. 1995ರ ಡಿಸೆಂಬರಿನಲ್ಲಿ ತೊಷಿಬಾದ ಬಣವೂ ಸೋನಿ-ಫಿಲಿಪ್ಸ್ ಬಣವೂ ಒಂದೇ ಮಾನಕಕ್ಕೆ ಒಪ್ಪಿದವು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ ಮೊದಲ ಡಿವಿಡಿ ಪ್ಲೇಯರುಗಳು ಮಾರಾಟಕ್ಕೆ ಬಂದವು. ಅಂಗಡಿಯ ಡಿವಿಡಿಯಲ್ಲಿ ಮಾಹಿತಿ ಅಚ್ಚೊತ್ತಿದ ಗುಳಿಗಳ ರೂಪದಲ್ಲಿದೆ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿ ಗುಳಿಯಿಲ್ಲ. ಸಾವಯವ ಬಣ್ಣದ ತೆಳುಪದರವಿದೆ. ಬರ್ನರಿನ ಕೆಂಪು ಲೇಸರ್ ಆ ಬಣ್ಣವನ್ನು ಕಾಯಿಸಿ ಚುಕ್ಕೆ ಚುಕ್ಕೆಯಾಗಿ ಗುಣ ಬದಲಿಸುತ್ತದೆ. ‘ಬರ್ನ್’ ಎಂಬ ಮಾತು ಬಂದದ್ದು ಹೀಗೆ. 1997ರಲ್ಲಿ ಪಯೊನಿಯರ್ ಕಂಪೆನಿಯ ಮೊದಲ ಬರ್ನರಿಗೆ ಸುಮಾರು 17 ಸಾವಿರ ಡಾಲರ್ ಬೆಲೆ. 2001ರಲ್ಲಿ ಅದೇ ಕಂಪೆನಿಯ ಯಂತ್ರ ಸಾವಿರ ಡಾಲರಿನ ಆಸುಪಾಸಿಗೆ ಇಳಿದು, ಆಪಲ್ ಕಂಪ್ಯೂಟರಿನೊಳಗೆ ‘ಸೂಪರ್‌ಡ್ರೈವ್’ ಎಂಬ ಹೆಸರಿನಲ್ಲಿ ಕುಳಿತಿತು. ಕೆಲವೇ ವರ್ಷಗಳಲ್ಲಿ ಅದು ಸಾಮಾನ್ಯ ಕಂಪ್ಯೂಟರಿನ ಭಾಗವಾಯಿತು.

ಆದರೆ ಕೊಳ್ಳುವವನ ಮುಂದೆ ಹೊಸ ಗೊಂದಲ ಕಾದಿತ್ತು. ಬರೆಯುವ ಡಿಸ್ಕಿನ ವಿಷಯದಲ್ಲಿ ಕಂಪೆನಿಗಳು ಮತ್ತೆ ಒಡೆದಿದ್ದವು. ಪಯೊನಿಯರ್ ಮುಂತಾದವರದು ‘ಡಿವಿಡಿ ಮೈನಸ್ ಆರ್’. ಫಿಲಿಪ್ಸ್, ಸೋನಿ, ಎಚ್‌ಪಿ ಮುಂತಾದವರದು ‘ಡಿವಿಡಿ ಪ್ಲಸ್ ಆರ್’. ಪ್ಯಾನಸೋನಿಕ್ ಬಳಗದ್ದು ಮತ್ತೆ ಮತ್ತೆ ಅಳಿಸಿ ಬರೆಯಬಲ್ಲ ‘ಡಿವಿಡಿ ರ‍್ಯಾಮ್’. ಒಂದರ ಡಿಸ್ಕು ಇನ್ನೊಂದರ ಬರ್ನರಿನಲ್ಲಿ ಬರೆಯದು. ಹಳೆಯ ಪ್ಲೇಯರುಗಳು ಸಾಮಾನ್ಯವಾಗಿ ‘ಮೈನಸ್’ ಡಿಸ್ಕನ್ನು ಹೆಚ್ಚು ಸುಲಭವಾಗಿ ಓದುತ್ತಿದ್ದವು. ‘ಪ್ಲಸ್’ ಡಿಸ್ಕಿಗೆ, ತಾನು ಅಂಗಡಿಯ ಡಿವಿಡಿ ಎಂದೇ ಗುರುತು ಹಾಕಿಕೊಂಡು ಪ್ಲೇಯರನ್ನು ನಂಬಿಸುವ ಉಪಾಯವಿತ್ತು. 2002ರಲ್ಲಿ ಸೋನಿ ಎರಡನ್ನೂ ಬರೆಯಬಲ್ಲ ಬರ್ನರನ್ನು ಮಾರುಕಟ್ಟೆಗೆ ತಂದ ಮೇಲೆ ಈ ಜಗಳ ಗ್ರಾಹಕನ ಮಟ್ಟಿಗೆ ಅರ್ಥ ಕಳೆದುಕೊಂಡಿತು.

ಉಳಿದದ್ದು ಲೆಕ್ಕಾಚಾರ. ಒಂದು ಪದರದ ಡಿಸ್ಕಿನ ಸಾಮರ್ಥ್ಯ 4.7 ಜಿಬಿ, 2004ರಲ್ಲಿ ಬಂದ ಎರಡು ಪದರದ್ದು 8.5 ಜಿಬಿ. ಮಿನಿ ಡಿವಿ ಕ್ಯಾಮೆರಾದ ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿದರೆ ಸುಮಾರು 13 ಜಿಬಿ. ಹಾಗಾಗಿ ಅದನ್ನು ಎಂಪೆಗ್-2 ವಿಧಾನದಲ್ಲಿ ಕುಗ್ಗಿಸದೆ ಗತ್ಯಂತರವಿಲ್ಲ. ಒಂದು ಡಿಸ್ಕಿಗೆ ಒಂದು ಗಂಟೆ ತುಂಬಿದರೆ ಚಿತ್ರ ಚೆನ್ನ. ಎರಡು ಗಂಟೆ ತುಂಬಿದರೆ ಸಹನೀಯ. ದುಡ್ಡು ಉಳಿಸಲು ನಾಲ್ಕು ಗಂಟೆ ತುರುಕಿದರೆ ಹೋಮದ ಹೊಗೆಯೂ ಚೌಕುಳಿಯಾಗಿ ಕಾಣುತ್ತದೆ. ಕುಗ್ಗಿಸುವಾಗ ಕಳೆದುಹೋದ ವಿವರ ಮರಳಿ ಬಾರದು. ಮೂಲ ಟೇಪನ್ನು ಕಸಕ್ಕೆ ಎಸೆದವರು ತೆತ್ತ ಬೆಲೆ ಅದು.

ಬರ್ನರಿನ ಜಾಹೀರಾತುಗಳು ವೇಗವನ್ನೇ ಸಾರುತ್ತಿದ್ದವು: ನಾಲ್ಕು ಪಟ್ಟು, ಎಂಟು ಪಟ್ಟು, ಹದಿನಾರು ಪಟ್ಟು. ಆದರೆ ನೆನಪನ್ನು ಉಳಿಸಬೇಕಾದವನಿಗೆ ಮುಖ್ಯವಾದದ್ದು ವೇಗವಲ್ಲ, ಡಿಸ್ಕಿನ ಗುಣ ಮತ್ತು ಅದರ ಪಾಲನೆ. ಸಾವಯವ ಬಣ್ಣ ಬಿಸಿಲು, ಸೆಖೆ, ತೇವಗಳಿಗೆ ಕೆಡುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಕೈಪಿಡಿ ಹೇಳಿದ್ದು ಸರಳ ಮಾತುಗಳನ್ನೇ: ಡಿಸ್ಕನ್ನು ತಂಪಾದ, ಒಣಗಿದ, ಕತ್ತಲೆಯ ಜಾಗದಲ್ಲಿ ಪೆಟ್ಟಿಗೆಯೊಳಗೆ ನೆಟ್ಟಗೆ ನಿಲ್ಲಿಸಿಡಿ; ಮೇಲೆ ಚೀಟಿ ಅಂಟಿಸಬೇಡಿ. ಮುಂದೆ ಎಂ-ಡಿಸ್ಕ್ ಎಂಬ ಜಾತಿ ಬಂತು. ಅದರಲ್ಲಿ ಬಣ್ಣದ ಬದಲು ನಿರವಯವ ಪದರ. ಆದರೆ ಅದಕ್ಕೆ ಅದನ್ನು ಬರೆಯಬಲ್ಲ ಬರ್ನರೇ ಬೇಕು.

ಡಿಸ್ಕು ಸಾಯುವ ರೀತಿಯೂ ಮೋಸದ್ದು. ಟೇಪು ಹಳತಾಗುತ್ತಿರುವುದು ಕಣ್ಣಿಗೆ ಕಾಣುತ್ತದೆ. ಗೆರೆ ಬರುತ್ತದೆ, ಬಣ್ಣ ಮಾಸುತ್ತದೆ. ಡಿವಿಡಿಯಲ್ಲಿ ದೋಷ ತಿದ್ದುವ ಗಣಿತ ಅಡಗಿದೆ. ಅಲ್ಲಲ್ಲಿ ಹಾಳಾದ ಮಾಹಿತಿಯನ್ನು ಅದು ಲೆಕ್ಕ ಹಾಕಿ ಮರಳಿ ಕಟ್ಟಿಕೊಡುತ್ತದೆ. ಆದ್ದರಿಂದ ಒಳಗೆ ಕೊಳೆಯುತ್ತಿದ್ದರೂ ಹೊರಗೆ ಚಿತ್ರ ನಿಚ್ಚಳವಾಗಿರುತ್ತದೆ. ತಿದ್ದುವ ಮಿತಿ ಮೀರಿದ ದಿನ ಡಿಸ್ಕು ಒಮ್ಮೆಗೇ ಮೂಕವಾಗುತ್ತದೆ.

ಈಗ ಯಂತ್ರಗಳ ಕಾಲವೂ ಮುಗಿಯುತ್ತಿದೆ. 2016ರಲ್ಲಿ ಸೋನಿ ಬೀಟಾಮ್ಯಾಕ್ಸ್ ಕ್ಯಾಸೆಟ್ಟುಗಳನ್ನು ಮಾರುವುದನ್ನು ನಿಲ್ಲಿಸಿತು. ಅದೇ ವರ್ಷ ಜಪಾನಿನ ಫುನಾಯ್ ಕಂಪೆನಿ ವಿಎಚ್‌ಎಸ್ ಯಂತ್ರಗಳ ತಯಾರಿಕೆಗೆ ಮಂಗಳ ಹಾಡಿತು. 2019ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ, ಕಾಂತೀಯ ಟೇಪುಗಳಲ್ಲಿರುವ ಪರಂಪರೆಯನ್ನು ಬೇಗ ವರ್ಗಾಯಿಸಿಕೊಳ್ಳಿ ಎಂಬ ಎಚ್ಚರಿಕೆ ಹೊರಟಿತು. 2025ರ ಫೆಬ್ರುವರಿಯಲ್ಲಿ ಸೋನಿ ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳನ್ನೂ ಮಿನಿ ಡಿವಿ ಟೇಪುಗಳನ್ನೂ ಕೈಬಿಟ್ಟಿತು. ಇತ್ತ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಬಾಗಿಲೇ ಅಪರೂಪ.

ಹಾಗಾದರೆ ಬರ್ನರ್ ಕೊಂಡವರ ಶ್ರಮ ವ್ಯರ್ಥವಾಯಿತೇ? ಇಲ್ಲ. ಬೂಷ್ಟು ಹಿಡಿಯುವ ಮುನ್ನ ಟೇಪನ್ನು ಅಂಕೆಗಳಿಗೆ ಇಳಿಸಿದ ಮನೆಗಳಲ್ಲಿ ಆ ಚಿತ್ರಗಳು ಉಳಿದಿರುವ ಸಾಧ್ಯತೆ ಹೆಚ್ಚು. ಆ ಡಿಸ್ಕುಗಳು ಓದುತ್ತಿರುವಾಗಲೇ, ಹೊರಗಿನಿಂದ ಜೋಡಿಸುವ ಒಂದು ಅಗ್ಗದ ಡ್ರೈವ್ ಬಳಸಿ, ಅವನ್ನು ಹಾರ್ಡ್ ಡಿಸ್ಕಿಗೆ ವರ್ಗಾಯಿಸಬಹುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಈ ಕೆಲಸದಲ್ಲಿ ನುರಿತವರ ಸೂತ್ರ. ಮೈಸೂರಿನ ಮನೆಯ ಒಂದು ಪ್ರತಿ ಮಂಗಳೂರಿನ ತಂಗಿಯ ಮನೆಯಲ್ಲೂ ಇದ್ದರೆ ಸೂತ್ರದ ಅರ್ಧ ಭಾಗ ಮುಗಿದಂತೆಯೇ.

ಓಲೆಗರಿಯ ಕಾಲದ ಲಿಪಿಕಾರರಿಗೆ ಈ ಸತ್ಯ ಗೊತ್ತಿತ್ತು. ಗರಿಗೆ ಹುಳ ಹಿಡಿಯುವ ಮುನ್ನ ಹೊಸ ಗರಿಯ ಮೇಲೆ ಪ್ರತಿ ಮಾಡುತ್ತ ಬಂದದ್ದರಿಂದಲೇ ಹಳಗನ್ನಡದ ಕಾವ್ಯಗಳು ಅಚ್ಚಿನ ಯುಗದವರೆಗೆ ತಲುಪಿದವು. ಯಾವ ಗರಿಯೂ ಶಾಶ್ವತವಾಗಿರಲಿಲ್ಲ. ಶಾಶ್ವತವಾಗಿದ್ದದ್ದು ಪ್ರತಿ ಮಾಡುವ ಅಭ್ಯಾಸ. ‘ಸತಿ ಸುಲೋಚನ’ದ ರೀಲುಗಳಿಗೆ ಆ ಭಾಗ್ಯ ದೊರೆಯಲಿಲ್ಲ. ಬೀರುವಿನ ಕ್ಯಾಸೆಟ್ಟಿಗೆ ಅದು ಇನ್ನೂ ದೊರೆಯಬಹುದು.