ಭೋಗ್ಯ: ಹೊಲದಿಂದ ಮನೆಯವರೆಗೆ

ಭೋಗ್ಯ ಅನ್ನೋ ಮಾತು ನಮ್ಮ ಮನೆಗಳಲ್ಲಿ ಮೆಲ್ಲಗೆ ಆಡುವ ಮಾತು. ಸತ್ತವರ ಹೆಸರು ಹೇಳಿದ ಹಾಗೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಮಳೆಯನ್ನು ನಂಬುವ ಸೀಮೆಯಲ್ಲ. ಶೇಂಗಾ ಕೈಕೊಟ್ಟ ವರ್ಷ ನಮ್ಮ ಅಜ್ಜಂದಿರು ಸಾಹುಕಾರರ ಜಗಲಿ ಕೆಳಗೆ ನಿಂತು ಹೆಬ್ಬೆಟ್ಟು ಒತ್ತಿದರು. ಕರಾರು ಕೇಳೋಕೆ ಸರಳ. ದುಡ್ಡು ಕೊಟ್ಟವನು ಹೊಲ ಉಳುತ್ತಾನೆ. ಫಸಲು ಬಡ್ಡಿಗೆ ಜಮಾ. ಅಸಲು ಇದ್ದಲ್ಲೇ ಇರುತ್ತದೆ. ಅಸಲು ತಂದಿಟ್ಟ ದಿನ ಹೊಲ ವಾಪಸ್. ಆದರೆ ಹೊಲವೇ ಕೈಯಲ್ಲಿಲ್ಲದವನು ಅಸಲು ಎಲ್ಲಿಂದ ತಂದಾನು? ಆ ದಿನ ಬರಲಿಲ್ಲ. ಅಜ್ಜ ತನ್ನದೇ ಹೊಲಕ್ಕೆ ಕೂಲಿಗೆ ಹೋದ.

ಈಗ ಆ ಮಾತು ಪ್ಯಾಟೆಗೆ ಬಂದಿದೆ. ಮನೆ ಹುಡುಕಲು ಹೊರಟರೆ ಕೇಳುವ ಮೊದಲ ಪ್ರಶ್ನೆ, ‘ಬಾಡಿಗೆಗೋ, ಭೋಗ್ಯಕ್ಕೋ?’ ಭೋಗ್ಯವೆಂದರೆ ದೊಡ್ಡ ಮೊತ್ತ ಒಂದೇ ಸಲ ಕೊಡಬೇಕು. ಮನೆಗೆ ಬಾಡಿಗೆ ಇಲ್ಲ, ಹಣಕ್ಕೆ ಬಡ್ಡಿ ಇಲ್ಲ. ಬಾಡಿಗೆಯೆಂದರೆ ತಿಂಗಳು ತಿಂಗಳು ಕಟ್ಟಬೇಕು, ಅದರ ಮೇಲೆ ಅಡ್ವಾನ್ಸ್ ಇಡಬೇಕು. ಯಾವುದಾದರೂ ಸರಿ, ಜಾಗ ತಿರುಗುಮುರುಗಾಗಿದೆ. ಅಂದು ಸ್ವತ್ತು ನಮ್ಮದು, ದುಡ್ಡು ಅವರದು. ಇಂದು ದುಡ್ಡು ನಮ್ಮದು, ಸ್ವತ್ತು ಅವರದು. ಲೆಕ್ಕಕ್ಕೆ ನೋಡಿದರೆ ನಾವು ಸಾಲ ಕೊಟ್ಟವರು, ಮನೆ ಯಜಮಾನ ಸಾಲಗಾರ. ಆದರೂ ಜಗಲಿ ಕೆಳಗೆ ನಿಂತವರು ಇವತ್ತಿಗೂ ನಾವೇ. ಇದು ಹೇಗಾಯಿತು?

ಕಾಗದ ನೋಡಬೇಕು. ಹೊಲದ ಭೋಗ್ಯಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೇ ಕಲಮಿನಲ್ಲಿ ಜಾಗವಿದೆ. ಸಾಲ ತೀರುವತನಕ ಸ್ವಾಧೀನ ಸಾಲ ಕೊಟ್ಟವನ ಬಳಿ ಇರಬಹುದು ಅನ್ನುತ್ತದೆ ಅದು. ಸಾಹುಕಾರನಿಗೆ ಬೇಕಾಗಿದ್ದು ಅಷ್ಟೇ. ಮುಂದಿನ 59ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: 100 ರೂಪಾಯಿ ಮತ್ತು ಮೇಲ್ಪಟ್ಟ ಇಂಥ ಅಡಮಾನಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಪತ್ರ ನೋಂದಣಿಯಾಗಬೇಕು. ಸಾಹುಕಾರನಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ದಾರಿ ಗೊತ್ತಿತ್ತು. ನಮಗೆ ಇವತ್ತೂ ಗೊತ್ತಿಲ್ಲ. ಮನೆಯ ಭೋಗ್ಯಕ್ಕೆ ನಾವು ಲಕ್ಷಗಟ್ಟಲೆ ಎಣಿಸಿ ಕೊಟ್ಟು, ಒಂದು ಛಾಪಾ ಕಾಗದದ ಮೇಲೆ ಟೈಪು ಮಾಡಿಸಿಕೊಂಡು ಬರುತ್ತೇವೆ. ನೋಂದಣಿ ಇಲ್ಲದ ಆ ಕಾಗದದಿಂದ ಮನೆಯ ಮೇಲೆ ಅಡಮಾನದ ಹಕ್ಕು ಹುಟ್ಟುವುದಿಲ್ಲ. ಕೊಟ್ಟ ಹಣದ ಸಾಲ ಮಾತ್ರ ಉಳಿಯುತ್ತದೆ. ಯಜಮಾನ ಅದೇ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ, ಬ್ಯಾಂಕಿನವರು ಬೀಗ ಹಾಕಲು ಬಂದ ದಿನ ನಮಗೆ ವಿಷಯ ತಿಳಿಯುತ್ತದೆ.

ಹೊಲದ ಕಡೆ ಕಾನೂನು ಒಂದಷ್ಟು ದೂರ ನಡೆದು ಬಂದಿದೆ, ನಡೆಸಿದ್ದೂ ಹೋರಾಟವೇ. ದೇವರಾಜ ಅರಸು ಸರ್ಕಾರದ ಕಾಲದಲ್ಲಿ ಬಂದ ಪಿ.ಟಿ.ಸಿ.ಎಲ್. ಕಾಯಿದೆ 1979ರ ಜನವರಿ 1ರಿಂದ ಜಾರಿಯಾಯಿತು. ದಲಿತರಿಗೆ, ಬುಡಕಟ್ಟಿನವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಕೈ ಬದಲಾಗಿದ್ದರೆ ಅದು ಅಸಿಂಧು, ಜಮೀನು ವಾಪಸ್. ಕೈ ಬದಲಾಗುವುದು ಅಂದರೆ ಕ್ರಯ ಒಂದೇ ಅಲ್ಲ, ಸ್ವಾಧೀನ ಕೊಟ್ಟ ಅಡಮಾನವೂ ಸೇರಿತು ಅಂತ ಕಾಯಿದೆಯೇ ಬಿಡಿಸಿ ಹೇಳಿದೆ. ಆ ಸಾಲು ಬರೆದವನು ಹಳ್ಳಿಯ ಭೋಗ್ಯ ಕಂಡವನೇ ಇರಬೇಕು. ಮಂಚೇಗೌಡ ಮೊಕದ್ದಮೆಯಲ್ಲಿ, 1984ರಲ್ಲಿ, ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿ ಹಿಡಿಯಿತು. 2017ರಲ್ಲಿ ಅದೇ ಕೋರ್ಟು, ತಡಮಾಡಿ ಅರ್ಜಿ ಹಾಕಿದರೆ ಆಗದು ಅಂದಿತು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಆ ಕಾಲಮಿತಿಯನ್ನು ಕಿತ್ತುಹಾಕಿತು. ಬೇರೆ ಜಮೀನುಗಳ ಭೋಗ್ಯದ ವಿಷಯದಲ್ಲೂ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೆ: ಸ್ವಾಧೀನ ಕೊಟ್ಟ ಅಡಮಾನದಲ್ಲಿ ಬರೀ ವರ್ಷ ಉರುಳಿದ ಮಾತ್ರಕ್ಕೆ ಬಿಡಿಸಿಕೊಳ್ಳುವ ಹಕ್ಕು ಸಾಯುವುದಿಲ್ಲ.

ಮನೆಯ ಅಡ್ವಾನ್ಸಿಗೆ ಆ ಭಾಗ್ಯವಿಲ್ಲ. ಹಣ ವಾಪಸ್ ಕೊಡಬೇಕಾದ ದಿನದಿಂದ ಸಾಮಾನ್ಯವಾಗಿ 3 ವರ್ಷ. ಅಷ್ಟರೊಳಗೆ ದಾವೆ ಹಾಕದಿದ್ದರೆ ಕೋರ್ಟಿನ ಬಾಗಿಲು ಮುಚ್ಚಿತು. ‘ಮುಂದಿನ ತಿಂಗಳು ಬಾರಪ್ಪಾ’ ಅನ್ನುವ ಯಜಮಾನನಿಗೆ ಈ ಲೆಕ್ಕ ಗೊತ್ತಿರುತ್ತದೆ.

ಬಾಡಿಗೆ ನಿಯಂತ್ರಣ ಕಾಯಿದೆ 1961ರಲ್ಲಿ ಬಂತು. ಅದರ ಜಾಗಕ್ಕೆ 1999ರ ಬಾಡಿಗೆ ಕಾಯಿದೆ ಬಂದು 2001ರ ಡಿಸೆಂಬರ್ 31ರಿಂದ ನಡೆಯಿತು. ಎರಡೂ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಬಾಡಿಗೆ ಎಷ್ಟು, ಯಾರನ್ನು ಯಾವಾಗ ಬಿಡಿಸಬಹುದು ಅನ್ನುವುದಕ್ಕೆ. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾಯಿದೆ ಮಾಡಿ, ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ, ಮನೆ ಬಿಟ್ಟುಕೊಟ್ಟಾಗ ಕಳೆಯುವುದನ್ನು ಕಳೆದು ಹಣ ಕೊಡಬೇಕು ಎಂದಿತು. ಮಾದರಿ ಅಂದರೆ ಮಾದರಿ. ರಾಜ್ಯ ತನ್ನದಾಗಿ ಮಾಡಿಕೊಳ್ಳದೆ ಅದು ಯಾರನ್ನೂ ಕಟ್ಟುವುದಿಲ್ಲ. ಬೆಂಗಳೂರಿಗೆ ಕೂಲಿಗೆ ಹೋದ ನಮ್ಮವರು 10 ತಿಂಗಳ ಅಡ್ವಾನ್ಸು ಕೊಟ್ಟು ಬಂದ ಕಥೆ ಎಲ್ಲರಿಗೂ ಗೊತ್ತು.

ಮೊಳಕಾಲ್ಮೂರಿನ ನೇಕಾರನ ಕಷ್ಟ ಇನ್ನೊಂದು ಥರ. ಅಲ್ಲಿಯ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸೀರೆಗೆ ಊರಿನ ಹೆಸರು ಖಾಯಂ ಆಯಿತು, ನೇಯುವವನಿಗೆ ಮನೆ ಖಾಯಂ ಆಗಲಿಲ್ಲ. ಗುಂಡಿ ಮಗ್ಗಕ್ಕೆ ನೆಲ ಅಗೆಯಬೇಕು. ಬಾಡಿಗೆ ಮನೆಯಲ್ಲಿ ನೆಲ ಅಗೆಯಲು ಯಾರು ಬಿಡುತ್ತಾರೆ? ಬಿಟ್ಟರೂ ಹೋಗುವಾಗ ಗುಂಡಿ ಮುಚ್ಚಿದ ಖರ್ಚು ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಇನ್ನೊಂದು ಕಡೆ ಮಗ್ಗದ ಮಾಲೀಕನ ಹತ್ತಿರ ತಾನು ತೆಗೆದುಕೊಂಡ ಮುಂಗಡ. ಅದನ್ನು ತೀರಿಸದೆ ಮಗ್ಗ ಬಿಡುವ ಹಾಗಿಲ್ಲ, ಇದು ಬಾರದೆ ಮನೆ ಬಿಡುವ ಹಾಗಿಲ್ಲ. ಒಂದೇ ಮುಂಗಡ ಅನ್ನೋ ಮಾತು ಎರಡು ಕಡೆಯಿಂದ ಹಗ್ಗ ಎಳೆಯುತ್ತದೆ.

ಇನ್ನು ಜಾತಿ. 1917ರಲ್ಲಿ ಅಂಬೇಡ್ಕರ್ ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇರಲು ಮನೆ ಇಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಮೆಟ್ಟಿಲು ಹತ್ತಿ ಬಂದರು. ಒಂದು ವಾರ ಕೊಡಿ ಅಂತ ಕೇಳಿದರು ಅಂಬೇಡ್ಕರ್. ಸಂಜೆಯೊಳಗೆ ಖಾಲಿ ಮಾಡು ಅಂದರು ಅವರು. ಬೇರೆಲ್ಲೂ ಜಾಗ ಸಿಗದೆ ಉದ್ಯಾನದಲ್ಲಿ ಕೂತು ರಾತ್ರಿಯ ರೈಲು ಕಾದರು. ಈ ಸಂಗತಿಯನ್ನು ಅವರೇ ಬರೆದಿಟ್ಟಿದ್ದಾರೆ.

ಈಗ ದೊಣ್ಣೆ ಬೇಕಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯ ಮನೆಯಲ್ಲಿ ವಾಸಕ್ಕೆ ಅಡ್ಡಿ ಮಾಡುವುದು 1955ರ ಕಾಯಿದೆಯ 4ನೇ ಕಲಮಿನ ಪ್ರಕಾರ ಅಪರಾಧ. ಇಂದಿನ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ. ಅದಕ್ಕೇ ಯಾರೂ ಜಾತಿ ಕೇಳುವುದಿಲ್ಲ. ‘ಮನೆದೇವರು ಯಾವುದಪ್ಪಾ?’ ಅಂತಾರೆ.

ನಾವು ಮೂವರು ಚಳ್ಳಕೆರೆಯಲ್ಲಿ ಓದುವಾಗ ಒಂದು ಕೋಣೆ ಹಿಡಿದಿದ್ದೆವು. ಅಡ್ವಾನ್ಸು 15,000. ಕರಾರು 11 ತಿಂಗಳಿಗೆ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಎಲ್ಲೆಲ್ಲೂ 11. ಐದನೇ ತಿಂಗಳಿಗೆ ಊರಿಂದ ನಮ್ಮ ಅವ್ವ ಬುತ್ತಿ ತಂದಳು. ಯಜಮಾನರ ಹೆಂಡತಿ ‘ಯಾವೂರಮ್ಮಾ, ಊರಾಗೆ ಎಲ್ಲಿ ಬರ್ತೈತೆ ಮನೆ?’ ಅಂದರು. ಅವ್ವನಿಗೆ ಸುಳ್ಳು ಬರುವುದಿಲ್ಲ. ‘ಎ.ಕೆ. ಕಾಲೋನಿ, ತಾಯಿ’ ಅಂದಳು. ಮಾರನೇ ವಾರ ಯಜಮಾನರ ಮಗನಿಗೆ ಮದುವೆ ಗೊತ್ತಾಯಿತು, ಕೋಣೆ ಬೇಕಾಯಿತು.

ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆ ಮನೆ ಬಿಡಿಸಲು 15 ದಿನದ ಲಿಖಿತ ನೋಟಿಸು ಕೊಡಬೇಕು ಅಂತ 1882ರ ಅದೇ ಕಾಯಿದೆಯ 106ನೇ ಕಲಮು ಹೇಳುತ್ತದೆ. ನಮ್ಮ ಕೈಯಲ್ಲಿ ಇನ್ನೂ ಆರು ತಿಂಗಳ ಕರಾರೇ ಇತ್ತು. ನಮಗೆ ಸಿಕ್ಕಿದ್ದು ಮೂರು ದಿನ, ಬಾಯಿ ಮಾತಿನಲ್ಲಿ. ಆಗ ಇದೊಂದೂ ಗೊತ್ತಿರಲಿಲ್ಲ, ಬೀಗದ ಕೈ ಕೊಟ್ಟು ಬಂದೆವು. ದುಡ್ಡು ಎಣಿಸಿಕೊಳ್ಳದೆ ಕೀಲಿ ಕೊಡಬಾರದು ಅಂತ ಅವ್ವ ಬೈದಳು. ಅವಳು ಕಾಯಿದೆ ಓದಿಲ್ಲ, ಹೊಲದ ಭೋಗ್ಯ ಕಂಡವಳು.

ಸುಣ್ಣಬಣ್ಣಕ್ಕೆ ಅಂತ 4,000 ಕಳೆದರು. ಬಾಬಾಸಾಹೇಬರ ಪಟ ಹಾಕಿದ್ದ ಮೊಳೆಯಿಂದ ಗೋಡೆ ಹಾಳಾಯಿತಂತೆ, ಅದಕ್ಕೆ 500. ಬಳಕೆಯಿಂದ ಆಗುವ ಸಹಜ ಸವಕಳಿ ಬಾಡಿಗೆದಾರನ ತಲೆಗೆ ಬರುವುದಿಲ್ಲ ಅಂತ 108ನೇ ಕಲಮಿನಲ್ಲಿದೆ. ಐದು ತಿಂಗಳಲ್ಲಿ ಗೋಡೆಯ ಬಣ್ಣ ಎಷ್ಟು ಸವೆದೀತು? ಮಿಕ್ಕ 10,500ರಲ್ಲಿ 3,000 ಕೊಟ್ಟರು. ಉಳಿದದ್ದಕ್ಕೆ ಹದಿನಾಲ್ಕು ಸಲ ಹೋಗಿದ್ದೇವೆ. ಒಂದು ಸಲವೂ ಒಳಗೆ ಬನ್ನಿ ಅಂದಿಲ್ಲ.

ಮೊನ್ನೆ ವಕೀಲ ಗೆಳೆಯನ ಹತ್ತಿರ ಕೂತು ಕಾಗದ ಬರೆದೆವು. ಕರಾರಿನ ತಾರೀಕು, ಕೊಟ್ಟ ಹಣ, ಕೋಣೆ ಬಿಟ್ಟ ದಿನ, ಬರಬೇಕಾದ 12,000, ಕೊಡಲು 15 ದಿನದ ಗಡುವು. 3 ವರ್ಷ ತುಂಬಲು ಇನ್ನೂ ಎಂಟು ತಿಂಗಳಿದೆ. ಅಂಚೆಯಲ್ಲಿ ಹಾಕಿದೆವು. ಸ್ವೀಕೃತಿ ಚೀಟಿ ಬಂದಿದೆ, ಅದರಲ್ಲಿ ಯಜಮಾನರ ಸಹಿ ಇದೆ. ಅವ್ವ ಅದನ್ನು ಪಡಿತರ ಚೀಟಿಯ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ.