ಮಾರಾಟದ ಕೋಳಿಗೂಡಿಗೆ ಬೆಲೆ ನಿಗದಿಪಡಿಸುವ ಕ್ರಮ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಮಳೆಯಾಶ್ರಿತ ಜಮೀನುಗಳಲ್ಲಿ ಕಡಲೆ ಹಾಗೂ ಹಿಂಗಾರಿ ಜೋಳದ ಸುಗ್ಗಿ ಮುಗಿದ ಮೇಲೆ ಮುಂಗಾರು ಬಿತ್ತನೆಯವರೆಗೆ ಹೊಲದ ಕೆಲಸ ಕಡಿಮೆ ಇರುತ್ತದೆ. ಕಟ್ಟಿಗೆ ಅಥವಾ ಬಿದಿರಿನ ಕೆಲಸ ಬಲ್ಲ ಕುಟುಂಬಗಳಿಗೆ ಈ ಅವಧಿಯಲ್ಲಿ ಹಿತ್ತಲ ಕೋಳಿ ಸಾಕಣೆಯ ಗೂಡು ತಯಾರಿಕೆ ಒಂದು ಉಪಕಸುಬಾಗಬಲ್ಲದು. ಆದರೆ ಸಾಮಗ್ರಿಗೆ ಕೊಟ್ಟ ಹಣವನ್ನಷ್ಟೇ ಲೆಕ್ಕ ಹಿಡಿದು ಮನೆಯವರ ದುಡಿಮೆಯನ್ನು ಬಿಟ್ಟರೆ, ಗೂಡು ಮಾರಾಟವಾದರೂ ಕೂಲಿ ದಕ್ಕುವುದಿಲ್ಲ. ಬೆಲೆ ಹೇಳುವ ಮೊದಲು ಈ ಕೆಳಗಿನ ಕ್ರಮವನ್ನು ಅನುಸರಿಸಿರಿ.

1. ಅಳತೆ ಮತ್ತು ಗುಣಮಟ್ಟ

ರಾತ್ರಿ ತಂಗುವ ಗೂಡಿನಲ್ಲಿ ಬೆಳೆದ ಪ್ರತಿ ಕೋಳಿಗೆ ಸುಮಾರು 1.5 ರಿಂದ 2 ಚದರ ಅಡಿ ಸ್ಥಳ ಬೇಕು. 4 ಅಡಿ ಉದ್ದ, 3 ಅಡಿ ಅಗಲದ ಗೂಡು 6 ರಿಂದ 8 ಕೋಳಿಗಳಿಗೆ ಸಾಕು. ಹೆಚ್ಚು ಕೋಳಿ ಹಿಡಿಯುತ್ತದೆಂದು ಹೇಳಿ ಮಾರಬೇಡಿರಿ. ಮುಂಗುಸಿ ಮತ್ತು ಬೆಕ್ಕಿನಿಂದ ರಕ್ಷಣೆಗೆ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲಿ ಉಪಯೋಗಿಸಿರಿ. ತೆಳು ತಂತಿಯ ಹೆಣೆದ ಜಾಲಿ ಅಗ್ಗವಾದರೂ ಬೇಗ ಹರಿಯುತ್ತದೆ. ಗೂಡು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿರಲಿ. ಹೇನು, ಉಣ್ಣೆ ಸೇರದಂತೆ ಸಂದುಗಳು ಕಡಿಮೆ ಇರಲಿ. ತಗಡಿನ ಛಾವಣಿ ಬೇಸಿಗೆಯಲ್ಲಿ ಕಾಯುವುದರಿಂದ ಮೇಲೆ ಕಣಕಿ ಹೊದಿಸಲು ಕೊಳ್ಳುವವರಿಗೆ ತಿಳಿಸಿರಿ.

2. ಲೆಕ್ಕಕ್ಕೆ ಬರಬೇಕಾದ ಬಾಬುಗಳು

• ಸಾಮಗ್ರಿ: ಸ್ವಂತ ಬದುವಿನ ಬೇವು ಅಥವಾ ಜಾಲಿ ಕಟ್ಟಿಗೆ ಬಳಸಿದರೂ ಅದಕ್ಕೆ ಮಾರುಕಟ್ಟೆ ದರ ಹಿಡಿಯಿರಿ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿದೆ. ಅಲ್ಲಿಂದ ಕಟ್ಟಿಗೆ, ಬಿದಿರು ತರಬಾರದು.
• ದುಡಿಮೆ: ಅದೇ ಕೆಲಸಕ್ಕೆ ಹೊರಗಿನವರನ್ನು ಕರೆದರೆ ಕೊಡಬೇಕಾಗುವ ದಿನಗೂಲಿಯನ್ನೇ ಮನೆಯವರಿಗೂ ಹಿಡಿಯಿರಿ. ಸಾಮಗ್ರಿ ತರಲು ಗದಗಿಗೆ ಹೋಗಿ ಬಂದ ಸಮಯವೂ ಇದರಲ್ಲಿ ಸೇರಲಿ.
• ಇತರ ವೆಚ್ಚ: ಸಾಮಗ್ರಿ ಸಾಗಣೆ, ವಿದ್ಯುತ್, ಗರಗಸ ಮತ್ತು ಬೈರಿಗೆಯ ಸವಕಳಿ.
• ನಷ್ಟದ ಪಾಲು: ಕೆಟ್ಟ ಕಟ್ಟಿಗೆ, ಮಾರಿದ ಮೇಲಿನ ದುರಸ್ತಿ, ಮಾರಾಟವಾಗದೆ ಉಳಿದ ಗೂಡು. ಮೇಲಿನ ಮೂರರ ಮೊತ್ತದ ಮೇಲೆ ಶೇ. 5ರಷ್ಟು ಹಿಡಿಯಬಹುದು.
• ಲಾಭ: ಮುಂದಿನ ಸಾಮಗ್ರಿ ಮತ್ತು ಸಲಕರಣೆಗೆ ಬೇಕಾದ ಬಂಡವಾಳ ಇದರಿಂದಲೇ ಬರಬೇಕು. ಇದು ಕೂಲಿಯಿಂದ ಪ್ರತ್ಯೇಕವಾದ ಬಾಬು.

3. ಮಾದರಿ ಲೆಕ್ಕ

ಕೆಳಗಿನ ದರಗಳನ್ನು ವಿಧಾನ ತೋರಿಸುವುದಕ್ಕಾಗಿ ಮಾತ್ರ ಊಹಿಸಿಕೊಳ್ಳಲಾಗಿದೆ. ಅವುಗಳ ಜಾಗದಲ್ಲಿ ನಿಮ್ಮ ಊರಿನ ಇಂದಿನ ದರ ಬರೆದುಕೊಳ್ಳಿರಿ. ಗೂಡಿನ ಅಳತೆ 4 × 3 ಅಡಿ, ಎತ್ತರ 3 ಅಡಿ. ಹಿಂಬದಿ ಮತ್ತು ಛಾವಣಿ ತಗಡು, ಉಳಿದ ಮೂರು ಬದಿ ಹಾಗೂ ತಳ ಜಾಲಿ.

• ಕಟ್ಟಿಗೆ ಪಟ್ಟಿ, ಕಾಲುಗಳು: ರೂ. 900
• ಜಾಲಿ, ತುಂಡಾಗಿ ಹೋಗುವುದೂ ಸೇರಿ 46 ಚ. ಅಡಿ, ರೂ. 20ರಂತೆ: ರೂ. 920
• ತಗಡು 32 ಚ. ಅಡಿ, ರೂ. 40ರಂತೆ: ರೂ. 1,280
• ಕೀಲು, ಚಿಲಕ, ಮೊಳೆ, ಬಣ್ಣ: ರೂ. 400
• ಸಾಮಗ್ರಿಯ ಮೊತ್ತ: ರೂ. 3,500
• ದುಡಿಮೆ 2 ದಿನ, ರೂ. 700ರಂತೆ: ರೂ. 1,400
• ಇತರ ವೆಚ್ಚ: ರೂ. 300
• ನಷ್ಟದ ಪಾಲು, ರೂ. 5,200ಕ್ಕೆ ಶೇ. 5: ರೂ. 260
• ಒಟ್ಟು ಉತ್ಪಾದನಾ ವೆಚ್ಚ: ರೂ. 5,460

ಮಾರಾಟ ಬೆಲೆಯಲ್ಲಿ ಶೇ. 15 ಲಾಭ ಉಳಿಯಬೇಕಾದರೆ ವೆಚ್ಚವನ್ನು 0.85ರಿಂದ ಭಾಗಿಸಬೇಕು. ಆಗ ಬರುವುದು ಸುಮಾರು ರೂ. 6,424; ಇದನ್ನು ರೂ. 6,450 ಎಂದು ನಿಗದಿಪಡಿಸಬಹುದು. ವೆಚ್ಚಕ್ಕೆ ಶೇ. 15 ಕೂಡಿಸಿದರೆ ಬರುವುದು ರೂ. 6,279 ಮಾತ್ರ, ಆಗ ಮಾರಾಟ ಬೆಲೆಯಲ್ಲಿ ಉಳಿಯುವ ಲಾಭ ಸುಮಾರು ಶೇ. 13ಕ್ಕೆ ಇಳಿಯುತ್ತದೆ.

4. ‘ಸಾಮಗ್ರಿಯ ಎರಡು ಪಟ್ಟು’ ಸೂತ್ರ ಸಾಲದು

ಸಾಮಗ್ರಿಯ ವೆಚ್ಚವನ್ನು ಇಮ್ಮಡಿಗೊಳಿಸಿ ಬೆಲೆ ಹೇಳುವುದು ಸುಲಭ, ಆದರೆ ಎಲ್ಲ ಗೂಡುಗಳಿಗೂ ಸರಿಹೊಂದದು. ಮೇಲಿನ ಗೂಡಿಗೆ ಅದು ರೂ. 7,000 ಆಗಿ ಕೊಳ್ಳುವವರು ಹಿಂಜರಿಯಬಹುದು. ಬಿದಿರಿನ ಹೆಣಿಗೆಯಲ್ಲಿ ನಷ್ಟ ತಯಾರಕರದು. ರೂ. 250ರ ಬಿದಿರನ್ನು ಸೀಳಿ, ಹೆಣೆದು ಗೂಡು ಮಾಡಲು ಒಂದು ಪೂರ್ಣ ದಿನ ಬೇಕೆಂದುಕೊಳ್ಳಿರಿ. ಇಮ್ಮಡಿ ಬೆಲೆ ರೂ. 500, ದಿನದ ದುಡಿಮೆಗೆ ಉಳಿಯುವುದು ರೂ. 250. ಕೌಶಲವೇ ಮುಖ್ಯ ಬಂಡವಾಳವಾಗಿರುವ ಮೇದಾರ ಕುಟುಂಬಗಳು ದಿನಗೂಲಿಯಿಂದಲೇ ಲೆಕ್ಕ ಆರಂಭಿಸಬೇಕು.

5. ಚೌಕಾಸಿಯ ಗಡಿಗಳು

ಮಾದರಿ ಲೆಕ್ಕದಲ್ಲಿ ರೂ. 6,450 ಮತ್ತು ರೂ. 5,460ರ ನಡುವಿನ ರಿಯಾಯಿತಿ ಲಾಭದಿಂದ ಹೋಗುತ್ತದೆ. ಅದಕ್ಕಿಂತ ಇಳಿದರೆ ನಿಮ್ಮ ಕೂಲಿಯೇ ಕರಗತೊಡಗುತ್ತದೆ. ಸಾಮಗ್ರಿ ಮತ್ತು ಇತರ ವೆಚ್ಚದ ಮೊತ್ತವಾದ ರೂ. 3,800ಕ್ಕಿಂತ ಕೆಳಗೆ ಮಾರಿದರೆ ಕೈಯಿಂದ ಹಣ ಹಾಕಿದಂತಾಗುತ್ತದೆ. ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಂಡೇ ಸಂತೆಗೆ ಹೋಗಿರಿ. ಒಮ್ಮೆಗೇ ಹತ್ತು ಗೂಡುಗಳ ಬೇಡಿಕೆ ಬಂದರೆ ಸಾಗಣೆ ಮತ್ತು ಸಮಯದಲ್ಲಿ ನಿಜವಾಗಿ ಉಳಿಯುವಷ್ಟನ್ನು ಮಾತ್ರ ಬಿಡಬಹುದು.

6. ಕೊಳ್ಳುವವರ ದೃಷ್ಟಿ

ಗೂಡು ಐದು ವರ್ಷ ಬಾಳಿದರೆ ವರ್ಷಕ್ಕೆ ಬೀಳುವ ವೆಚ್ಚ ರೂ. 1,290. ಒಂದು ನಾಟಿ ಕೋಳಿಗೆ ರೂ. 500 ಹಿಡಿದರೆ, ವರ್ಷಕ್ಕೆ ಮೂರು ಕೋಳಿ ಉಳಿದರೂ ಆ ವೆಚ್ಚ ಹಿಂದಿರುಗುತ್ತದೆ. ಈ ಲೆಕ್ಕವನ್ನು ಅವರ ಮುಂದೆಯೇ ಮಾಡಿ ತೋರಿಸಿರಿ. ಮೂರು-ನಾಲ್ಕು ಕೋಳಿ ಮಾತ್ರ ಇರುವವರಿಗೆ ಈ ಬೆಲೆ ಹೊರೆಯಾಗುತ್ತದೆ. ಅಂಥವರಿಗೆ ಚಿಕ್ಕ ಮಾದರಿಯೊಂದು ಸಿದ್ಧವಿರಲಿ. ಬೆಲೆ ಇಳಿಸುವ ಸಲುವಾಗಿ ಜಾಲಿಯ ಗುಣಮಟ್ಟ ಇಳಿಸಬಾರದು.

7. ಮುಂಗಡ ಮತ್ತು ಉದ್ರಿ

ಬೇಡಿಕೆಯ ಮೇರೆಗೆ ತಯಾರಿಸುವಾಗ ಕನಿಷ್ಠ ಸಾಮಗ್ರಿಯ ಹಣವನ್ನಾದರೂ ಮುಂಗಡವಾಗಿ ಪಡೆಯಿರಿ. ಊರಿನವರಿಗೆ ಸುಗ್ಗಿಯವರೆಗೆ ಉದ್ರಿ ಕೊಡುವುದು ಅನಿವಾರ್ಯವಾದರೆ ಅವಧಿ ಬರೆದುಕೊಳ್ಳಿರಿ. ಗೂಡನ್ನು ಮನೆಗೆ ತಲುಪಿಸುವ ಬಾಡಿಗೆಯನ್ನು ಬೆಲೆಯೊಳಗೆ ಸೇರಿಸದೆ ಪ್ರತ್ಯೇಕವಾಗಿ ತಿಳಿಸಿರಿ.

8. ನೆರವು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನ ಹಾಗೂ ಬುಟ್ಟಿ ಹೆಣೆಯುವಿಕೆ ಸೇರಿವೆ. ಅರ್ಹರಿಗೆ ತರಬೇತಿ, ರೂ. 15,000ದವರೆಗೆ ಸಲಕರಣೆ ನೆರವು ಮತ್ತು ಮೊದಲ ಹಂತದಲ್ಲಿ ಶೇ. 5ರ ಬಡ್ಡಿಯಲ್ಲಿ ರೂ. 1 ಲಕ್ಷದವರೆಗೆ ಸಾಲದ ಅವಕಾಶ ಈ ಯೋಜನೆಯಲ್ಲಿದೆ. ಸಾಲ ಪಡೆಯುವ ಮೊದಲು ಒಂದು ಗೂಡಿನ ಪೂರ್ಣ ಲೆಕ್ಕ ಬರೆದು ನೋಡಿರಿ.

ವಿಸ್ತರಣಾ ಕಾರ್ಯಕರ್ತರು ಸ್ವಸಹಾಯ ಗುಂಪುಗಳ ಸಭೆಯಲ್ಲಿ ಸದಸ್ಯರಿಂದಲೇ ಈ ಲೆಕ್ಕ ಮಾಡಿಸುವುದು ಸೂಕ್ತ. ಹೆಚ್ಚಿನ ಮಾಹಿತಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಿರಿ.