ಓಲೆಗರಿಯ ಕಟ್ಟಿನಿಂದ ಓದುವ ಕೈಗೆ: ದಾವಣಗೆರೆ-ಹರಿಹರದಲ್ಲಿ ಅರಿವಿನ ಪುಸ್ತಕಗಳ ಪಯಣ

ಲಿಂಗವಂತರ ಹಳೆಯ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳಿರುತ್ತಿದ್ದವು. ಹಬ್ಬ ಹುಣ್ಣಿಮೆಗಳಲ್ಲಿ ಅವುಗಳಿಗೆ ವಿಭೂತಿ, ಪತ್ರೆ, ಪುಷ್ಪಗಳು ಸಲ್ಲುತ್ತಿದ್ದವು. ಧೂಪ ಬೆಳಗಿ, ಕೈಮುಗಿದು, ಕಟ್ಟನ್ನು ಮತ್ತೆ ಮೊದಲಿನ ಸ್ಥಳದಲ್ಲಿಯೇ ಇಡಲಾಗುತ್ತಿತ್ತು. ಅದರೊಳಗೆ ಏನಿದೆ ಎಂದು ಬಿಚ್ಚಿ ನೋಡುವವರು ವಿರಳರಾಗಿದ್ದರು. ಪೂಜೆ ತಪ್ಪಲಿಲ್ಲ, ಓದು ಮಾತ್ರ ತಪ್ಪಿತು. ಪೂಜೆಯಿಂದಾಗಿ ಕಟ್ಟುಗಳು ಉಳಿದವು ಎಂಬುದೂ ನಿಜ. ಆದರೆ ಶರಣರು ಅವುಗಳಲ್ಲಿ ಇಟ್ಟುಹೋದ ಅರಿವು ಬಹುಕಾಲ ಆ ವಸ್ತ್ರದ ಗಂಟಿನೊಳಗೇ ಉಳಿಯಿತು.

ಆ ಗಂಟು ಬಿಚ್ಚಿದ ಕಥೆಯಲ್ಲಿ ತುಂಗಭದ್ರೆಯ ಆಸುಪಾಸಿನ ಎರಡು ಊರುಗಳಿಗೆ ವಿಶೇಷ ಸ್ಥಾನವಿದೆ. ಒಂದು ದಾವಣಗೆರೆ, ಮತ್ತೊಂದು ಹರಿಹರ. ಇಲ್ಲಿ ನಡೆದ ಕಾರ್ಯ ದೊಡ್ಡ ಗದ್ದಲದ್ದಲ್ಲ. ಒಬ್ಬ ಸ್ವಾಮಿಗಳು, ಒಬ್ಬ ಬಡ ಶಿಕ್ಷಕ, ಒಂದು ಮಠ, ಒಂದು ಪತ್ರಿಕೆ, ಕೆಲವು ಸಣ್ಣ ಪುಸ್ತಕಗಳು: ಇಷ್ಟರಿಂದಲೇ ಆರಂಭವಾದದ್ದು ಇಂದು ನಾಡಿನಾದ್ಯಂತ ಹರಡಿದೆ.

ಶರಣರ ಅಂತರಂಗ ಶಾಸ್ತ್ರ

ಮೊದಲು ಆ ಕಟ್ಟುಗಳಲ್ಲಿ ಏನಿತ್ತು ಎಂಬುದನ್ನು ತಿಳಿಯಬೇಕು. ಹನ್ನೆರಡನೆಯ ಶತಮಾನದ ಶರಣರು ಮನುಷ್ಯನ ಒಳಗನ್ನು ಬಹು ಸೂಕ್ಷ್ಮವಾಗಿ ಪರಿಶೀಲಿಸಿದವರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಅಂತರಂಗ ವಿಕಾಸದ ಆರು ಮೆಟ್ಟಿಲುಗಳು. ಶ್ರದ್ಧೆಯಿಂದ ಆರಂಭವಾದ ಸಾಧಕನು ನಿಷ್ಠೆ, ಅವಧಾನ, ಅನುಭಾವಗಳನ್ನು ದಾಟಿ ಆನಂದದಲ್ಲಿ ನೆಲೆನಿಂತು, ಕೊನೆಗೆ ಸಮರಸಗೊಳ್ಳುವ ದಾರಿ ಅದು. ಚೆನ್ನಬಸವಣ್ಣನವರ ಹೆಸರಿನಲ್ಲಿರುವ ‘ಕರಣ ಹಸಿಗೆ’ಯು ದೇಹ, ಇಂದ್ರಿಯ, ಮನಸ್ಸು, ಪ್ರಾಣಗಳ ತತ್ತ್ವಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಗದ್ಯಕೃತಿ. ಅಕ್ಕಮಹಾದೇವಿಯವರ ‘ಯೋಗಾಂಗ ತ್ರಿವಿಧಿ’ಯೂ ಸಾಧನೆಯ ಕೈಪಿಡಿಯೇ ಆಗಿದೆ.

ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಪೋಣಿಸಿ ‘ಶೂನ್ಯಸಂಪಾದನೆ’ಯನ್ನು ರಚಿಸಿದರು. ಅವರ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಆ ಗ್ರಂಥದ ರೂಪವೇ ಗಮನಾರ್ಹವಾದುದು. ಅದು ಒಬ್ಬ ಗುರುವಿನ ಉಪನ್ಯಾಸವಲ್ಲ. ಅಲ್ಲಮಪ್ರಭುಗಳ ಸುತ್ತ ನಡೆಯುವ ಸಂವಾದ. ಅಲ್ಲಿ ಪ್ರಶ್ನೆ ಏಳುತ್ತದೆ, ಉತ್ತರ ಬರುತ್ತದೆ, ಆ ಉತ್ತರವನ್ನೂ ಒರೆಗೆ ಹಚ್ಚಲಾಗುತ್ತದೆ. ಅರಿವು ಒಬ್ಬಂಟಿಯ ಗಳಿಕೆಯಲ್ಲ, ಅನುಭಾವಗೋಷ್ಠಿಯಲ್ಲಿ ಮಥನಗೊಂಡು ಬರುವ ಬೆಣ್ಣೆ ಎಂಬುದನ್ನು ಗ್ರಂಥದ ಕಟ್ಟಡವೇ ಸಾರುತ್ತದೆ. ದಾವಣಗೆರೆಯಲ್ಲಿ ಮುಂದೆ ನಡೆದುದನ್ನು ಅರ್ಥಮಾಡಿಕೊಳ್ಳಲು ಈ ಮಾತು ನೆನಪಿನಲ್ಲಿರಬೇಕು.

ಎರಡು ರಾಜ್ಯಗಳ ಗಡಿಯ ಊರುಗಳು

ಹರಿಹರವು ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳ. ಕೂಡಲೂರು ಎಂಬುದು ಅದರ ಪ್ರಾಚೀನ ಹೆಸರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಶಿವ ಮತ್ತು ವಿಷ್ಣು ಒಂದೇ ಮೂರ್ತಿಯಲ್ಲಿ ನಿಂತಿರುವ ಈ ಕ್ಷೇತ್ರವು ಮತಗಳ ಕೂಡಲಿಯೂ ಹೌದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಊರುಗಳು ಮೈಸೂರು ಸಂಸ್ಥಾನದ ಗಡಿಯಲ್ಲಿದ್ದವು. ಹೊಳೆ ದಾಟಿದರೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಕನ್ನಡಿಗರು ಒಂದೇ, ಅರಸೊತ್ತಿಗೆಗಳು ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರಿನಿಂದ ಹರಿಹರದ ಮೇಲೆ ಹುಬ್ಬಳ್ಳಿಯ ಕಡೆಗೆ ರೈಲು ಓಡತೊಡಗಿತ್ತು. ದಾವಣಗೆರೆಯಾದರೋ ಹತ್ತಿಯ ಪೇಟೆಯಾಗಿ ಬೆಳೆಯುತ್ತಿತ್ತು. ವರ್ತಕರು, ಹಮಾಲರು, ನೇಕಾರರು, ರೈತರು ನೆರೆಯುವ ಊರು ಅದು. ಸರಕಿನೊಡನೆ ವಿಚಾರಗಳೂ ಆ ಹಳಿಯ ಮೇಲೆ ಬಂದಿಳಿಯುತ್ತಿದ್ದವು.

ಬನವಾಸಿಯಿಂದ ಬಂದ ಶಿಕ್ಷಕ

ಹೀಗೆ ಗಡಿ ದಾಟಿ ಬಂದವರಲ್ಲಿ ಹರ್ಡೇಕರ್ ಮಂಜಪ್ಪನವರು ಒಬ್ಬರು. 1886ರಲ್ಲಿ ಬನವಾಸಿಯ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಶಿರಸಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಾಗಿದ್ದರು. ಬಂಗಾಳ ವಿಭಜನೆಯ ನಂತರ ಎದ್ದ ಸ್ವದೇಶಿ ಚಳವಳಿ ಅವರ ಮನಸ್ಸನ್ನು ಸೆಳೆಯಿತು. 1906ರಲ್ಲಿ ನೌಕರಿಗೆ ರಾಜೀನಾಮೆ ಕೊಟ್ಟು ದಾವಣಗೆರೆಗೆ ಬಂದು, ಅಣ್ಣನವರೊಡನೆ ‘ಧನುರ್ಧಾರಿ’ ಪತ್ರಿಕೆಯನ್ನು ಆರಂಭಿಸಿದರು. ತಿಲಕರ ‘ಕೇಸರಿ’ಯ ವಿಚಾರಗಳು ಅದರ ಮೂಲಕ ಕನ್ನಡದ ಓದುಗರಿಗೆ ದೊರೆಯತೊಡಗಿದವು. ಅದು ಪತ್ರಿಕೆಗಳಿಗೆ ಅನುಕೂಲದ ಕಾಲವಾಗಿರಲಿಲ್ಲ. 1908ರಲ್ಲಿ ಮೈಸೂರು ಸರ್ಕಾರವೇ ಪತ್ರಿಕೆಗಳ ಮೇಲೆ ಕಠಿಣ ನಿರ್ಬಂಧದ ಕಾಯಿದೆಯನ್ನು ತಂದಿತು.

ಆದರೆ ಮಂಜಪ್ಪನವರು ಬರಿಯ ರಾಜಕೀಯ ಪತ್ರಕರ್ತರಾಗಿ ಉಳಿಯಲಿಲ್ಲ. ದೇಶ ಬಿಡುಗಡೆಯಾಗಬೇಕಾದರೆ ದೇಶದ ಜನರು ಒಳಗಿನಿಂದ ಬಿಡುಗಡೆಯಾಗಬೇಕು ಎಂಬ ನಂಬಿಕೆ ಅವರಲ್ಲಿ ಬಲಿಯಿತು. ಅವರು ಆಜನ್ಮ ಬ್ರಹ್ಮಚರ್ಯದ ವ್ರತವನ್ನು ಕೈಗೊಂಡರು. ಆಹಾರ, ಉಡುಪು, ದಿನಚರಿ ಎಲ್ಲವನ್ನೂ ನಿಯಮಕ್ಕೆ ಒಳಪಡಿಸಿದರು. ಬರೆಯುವುದನ್ನು ಮೊದಲು ತಾವು ಬದುಕಬೇಕು ಎಂಬುದು ಅವರ ನಿಲುವಾಗಿತ್ತು.

ವಿರಕ್ತ ಮಠದ ದೀಪ

ಆಗ ದಾವಣಗೆರೆಯ ವಿರಕ್ತ ಮಠದಲ್ಲಿ ಮೃತ್ಯುಂಜಯ ಅಪ್ಪಗಳು ಇದ್ದರು. ಮುಂದೆ ಧಾರವಾಡದ ಮುರುಘಾಮಠದ ಪೂಜ್ಯರಾಗಿ, ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅನ್ನ ಮತ್ತು ಅಕ್ಷರಗಳ ಆಸರೆಯಾದ ಮಹಾಂತರು ಇವರೇ. ಅಪ್ಪಗಳ ಕಾರುಣ್ಯ ಮತ್ತು ಮಂಜಪ್ಪನವರ ಕಾರ್ಯಶ್ರದ್ಧೆ ಒಂದಾದವು. ಮಠದಲ್ಲಿ ಭಜನೆ, ಪ್ರವಚನ, ವಚನಗಳ ಚಿಂತನೆ ನಡೆಯತೊಡಗಿದವು. ಓದು ಬಲ್ಲವರು ಓದಿದರು. ಬಾರದವರು ಕೇಳಿದರು, ಕೇಳಿದುದನ್ನು ಹಾಡಿದರು. ಅಕ್ಷರ ಬಲ್ಲವರು ಬಹು ಕಡಿಮೆಯಿದ್ದ ಆ ಕಾಲದಲ್ಲಿ ಒಂದು ಪುಸ್ತಕ ಹತ್ತಾರು ಮಂದಿಗೆ ತಲುಪುವ ದಾರಿ ಇದೊಂದೇ ಆಗಿತ್ತು. ಶೂನ್ಯಸಂಪಾದನೆಯ ಗೋಷ್ಠಿಯ ಮಾದರಿ ಪೇಟೆಯ ನಡುವಿನ ಮಠದಲ್ಲಿ ಹೀಗೆ ಮರುಹುಟ್ಟು ಪಡೆಯಿತು.

1913ರಲ್ಲಿ ಈ ಇಬ್ಬರು ಮಹನೀಯರ ಪ್ರಯತ್ನದಿಂದ ದಾವಣಗೆರೆಯ ವಿರಕ್ತ ಮಠದಲ್ಲಿ ಬಸವ ಜಯಂತಿಯು ಸಾರ್ವಜನಿಕವಾಗಿ ಆಚರಣೆಗೊಂಡಿತು. ಇಂದು ಸರ್ಕಾರಿ ರಜೆಯೊಂದಿಗೆ ನಾಡಿನಾದ್ಯಂತ ನಡೆಯುವ ಉತ್ಸವದ ಮೂಲ ಇಲ್ಲಿದೆ. ತಿಲಕರು ಮಹಾರಾಷ್ಟ್ರದಲ್ಲಿ ಗಣೇಶೋತ್ಸವ ಮತ್ತು ಶಿವಾಜಿ ಜಯಂತಿಗಳಿಂದ ಜನರನ್ನು ಕೂಡಿಸಿದ ಬಗೆ ಮಂಜಪ್ಪನವರಿಗೆ ತಿಳಿದಿದ್ದ ವಿಷಯ. ಆದರೆ ಇಲ್ಲಿ ಕೂಡಿಸಿದ್ದು ಒಬ್ಬ ವೀರನ ಸ್ಮರಣೆಗಾಗಿ ಅಲ್ಲ, ಅರಿವು ಮತ್ತು ಆಚಾರಗಳನ್ನು ಒಂದು ಮಾಡಿದ ಗುರುವಿನ ಸ್ಮರಣೆಗಾಗಿ.

ಪುರಾಣದಿಂದ ಚರಿತ್ರೆಗೆ

ಈ ಆಚರಣೆಯ ಹಿಂದೆ ಒಂದು ತಾತ್ತ್ವಿಕ ಪಲ್ಲಟವೂ ಇದೆ. ಅಂದಿನ ಸಾಮಾನ್ಯ ಭಕ್ತರಿಗೆ ಬಸವಣ್ಣನವರು ಪರಿಚಿತರಾಗಿದ್ದುದು ಪುರಾಣದ ಮೂಲಕ. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಅನುಸರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ರಚಿಸಿದ ‘ಬಸವಪುರಾಣ’ವನ್ನು ಮಠಗಳಲ್ಲಿ, ಮನೆಗಳಲ್ಲಿ ಭಕ್ತಿಯಿಂದ ಓದಿಸುತ್ತಿದ್ದರು. ಅಲ್ಲಿ ಬಸವಣ್ಣನವರು ನಂದಿಯ ಅವತಾರ, ಪವಾಡಪುರುಷ. ಪವಾಡಪುರುಷನಿಗೆ ಕೈಮುಗಿಯಬಹುದು, ಆತನ ಹೆಜ್ಜೆಯಲ್ಲಿ ನಡೆಯುವುದು ಹೇಗೆ? ಅವತಾರಕ್ಕೆ ಸಾಧ್ಯವಾದುದು ನಮ್ಮಂಥವರಿಗೆ ಸಾಧ್ಯವೇ ಎಂಬ ನೆಪ ಸುಲಭವಾಗಿ ಒದಗುತ್ತದೆ.

ಮಂಜಪ್ಪನವರು ‘ಬಸವ ಚರಿತ್ರೆ’ಯನ್ನು ಬರೆದರು. ಬಸವಣ್ಣನವರನ್ನು ಅವರು ಒಂದು ಕಾಲದಲ್ಲಿ ಹುಟ್ಟಿ, ಯೋಚಿಸಿ, ದುಡಿದು, ಸಮಾಜದೊಡನೆ ಸೆಣಸಿದ ಮಹಾಪುರುಷರಾಗಿ ಕಂಡರು. ಪುರಾಣದ ಜಾಗದಲ್ಲಿ ಚರಿತ್ರೆ ಬಂದಾಗ ಓದುಗನ ಹೊಣೆ ಹೆಚ್ಚುತ್ತದೆ. ಮನುಷ್ಯರಾಗಿಯೇ ಬಸವಣ್ಣನವರು ಅದನ್ನು ಸಾಧಿಸಿದರೆಂದ ಮೇಲೆ, ತನ್ನಿಂದಾಗದು ಎಂದು ಹಿಂಜರಿಯಲು ಎಡೆಯೆಲ್ಲಿ? ಶ್ರದ್ಧೆಯನ್ನು ಕುಂದಿಸದೆ ಹೊಣೆಯನ್ನು ಹೆಚ್ಚಿಸಿದ್ದು ಈ ಪುಸ್ತಕಗಳ ನಿಜವಾದ ಸಾಧನೆ.

ಹರಿಹರದ ಹೊಳೆದಂಡೆಯಲ್ಲಿ

ಗಾಂಧೀಜಿಯವರ ಸತ್ಯಾಗ್ರಹ ತತ್ತ್ವವು ಮಂಜಪ್ಪನವರಿಗೆ ಹೊಸದೆನಿಸಲಿಲ್ಲ. ಶರಣರ ನಡೆ-ನುಡಿಗಳ ಏಕತೆಯೇ ಅದರಲ್ಲಿ ಅವರಿಗೆ ಕಂಡಿತು. ‘ಸತ್ಯಾಗ್ರಹ ಧರ್ಮ’ ಎಂಬ ಪುಸ್ತಕವನ್ನು ಬರೆದು ಗಾಂಧಿ ವಿಚಾರವನ್ನು ಕನ್ನಡಿಗರಿಗೆ ಪರಿಚಯಿಸಿದವರಲ್ಲಿ ಅವರು ಮೊದಲಿಗರು. 1920ರ ದಶಕದ ಆರಂಭದಲ್ಲಿ ಹರಿಹರದ ತುಂಗಭದ್ರೆಯ ದಡದಲ್ಲಿ ಸತ್ಯಾಗ್ರಹ ಆಶ್ರಮವನ್ನು ಸ್ಥಾಪಿಸಿದರು. ಪ್ರಾರ್ಥನೆ, ಅಧ್ಯಯನ, ನೂಲುವ ಕಾಯಕ ಇವು ಬೇರೆ ಬೇರೆಯಲ್ಲ, ಒಂದೇ ಸಾಧನೆಯ ಮುಖಗಳು ಎಂಬುದು ಅವರ ನಂಬಿಕೆಯಾಗಿತ್ತು. ರಾಟೆಯ ನೂಲೂ ವಚನದ ಓದೂ ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸಗಳೇ.

ಮುಂದೆ ಅವರು ಆಲಮಟ್ಟಿಯಲ್ಲಿ ನೆಲೆನಿಂತು ವಿದ್ಯಾಲಯವನ್ನು ನಡೆಸಿದರು. ‘ಖಾದಿ ವಿಜಯ’, ‘ಶರಣ ಸಂದೇಶ’ ಪತ್ರಿಕೆಗಳ ಮೂಲಕ ದುಡಿದರು. ‘ಬಸವ ಬೋಧಾಮೃತ’ವೂ ಸೇರಿದಂತೆ ಹತ್ತಾರು ಸಣ್ಣ ಪುಸ್ತಕಗಳನ್ನು ರಚಿಸಿದರು. ತಮ್ಮ ಬದುಕನ್ನು ಕುರಿತು ಬರೆದ ಕೃತಿಗೆ ‘ಕಾಣಿಕೆ’ ಎಂದು ಕರೆದರು. ಬದುಕನ್ನು ಗಳಿಕೆಯೆಂದು ಲೆಕ್ಕ ಹಾಕದೆ ಸಲ್ಲಿಕೆಯೆಂದು ಭಾವಿಸಿದ ಮನಸ್ಸು ಆ ಒಂದು ಪದದಲ್ಲಿದೆ. ಕರ್ನಾಟಕದ ಗಾಂಧಿ ಎಂದು ಜನರು ಪ್ರೀತಿಯಿಂದ ಕರೆದ ಅವರು 1947ರ ಜನವರಿಯಲ್ಲಿ ಲಿಂಗೈಕ್ಯರಾದರು. ಏಳು ತಿಂಗಳ ನಂತರ ಬಂದ ಸ್ವಾತಂತ್ರ್ಯವನ್ನು ಅವರ ಕಣ್ಣು ಕಾಣಲಿಲ್ಲ.

ಮೂಲದ ಕಡೆಗೆ

ಮಂಜಪ್ಪನವರು ಜನರಲ್ಲಿ ಹಸಿವನ್ನು ಹುಟ್ಟಿಸಿದರೆ, ಅದಕ್ಕೆ ಅನ್ನವನ್ನು ಒದಗಿಸಿದವರು ಡಾ. ಫ.ಗು. ಹಳಕಟ್ಟಿಯವರು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆ ತಿರುಗಿ, ಜಗಲಿಯ ಮೇಲಿನ ಅದೇ ಕಟ್ಟುಗಳನ್ನು ಬಿಚ್ಚಿಸಿ, ಪ್ರತಿ ಮಾಡಿಕೊಂಡು, ಪಾಠಗಳನ್ನು ಹೋಲಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಕ್ಕಾಗಿ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳನ್ನು ಹೊರತಂದಾಗ ಆ ಕಾರ್ಯ ಒಂದು ಘಟ್ಟವನ್ನು ಮುಟ್ಟಿತು.

ಈ ಎರಡೂ ಬಗೆಯ ಕಾರ್ಯಗಳು ಬೇಕಾಗಿದ್ದವು. ಶುದ್ಧ ಪಾಠವಿಲ್ಲದಿದ್ದರೆ ಭಕ್ತಿಯು ಕಥೆಗಳಲ್ಲಿ ಕಳೆದುಹೋಗುತ್ತದೆ. ಓದುವ ಗೋಷ್ಠಿಯಿಲ್ಲದಿದ್ದರೆ ಶುದ್ಧ ಪಾಠವು ಗ್ರಂಥಾಲಯದ ಕಪಾಟಿನಲ್ಲಿ ಮತ್ತೊಂದು ಕಟ್ಟಾಗಿ ಉಳಿಯುತ್ತದೆ.

ಮತ್ತೆ ಗಂಟು ಬಿಗಿಯದಿರಲಿ

ಇಂದು ಪುಸ್ತಕಗಳಿಗೆ ಕೊರತೆಯಿಲ್ಲ. ಮನಸ್ಸು, ಧ್ಯಾನ, ಪ್ರಜ್ಞೆ, ವ್ಯಕ್ತಿತ್ವ ವಿಕಾಸಗಳನ್ನು ಕುರಿತ ಪುಸ್ತಕಗಳು ದಾವಣಗೆರೆಯ ಬಸ್ ನಿಲ್ದಾಣದಲ್ಲಿಯೂ ದೊರೆಯುತ್ತವೆ. ವಚನಗಳು ಕೈಯಲ್ಲಿರುವ ಮೊಬೈಲ್‌ನಲ್ಲಿಯೇ ಇವೆ. ಹಾಗಿದ್ದೂ ಒಂದು ಪ್ರಶ್ನೆ ಉಳಿಯುತ್ತದೆ. ಓದಿನಿಂದ ಅರಿವು ಬರುತ್ತದೆಯೇ?

ಶರಣರು ಇದಕ್ಕೆ ಕೊಟ್ಟ ಉತ್ತರ ಕಠೋರವಾದುದು. ಶಾಸ್ತ್ರ ಓದಿ ನಡೆಯಲ್ಲಿ ಬದಲಾಗದವನನ್ನು ಅವರು ಎಂದೂ ಜ್ಞಾನಿಯೆಂದು ಒಪ್ಪಲಿಲ್ಲ. ಹಾಗೆಂದು ಓದನ್ನು ತಿರಸ್ಕರಿಸಲೂ ಇಲ್ಲ. ತಿರಸ್ಕರಿಸಿದ್ದರೆ ಅಷ್ಟೊಂದು ವಚನಗಳನ್ನು ಬರೆದು, ರಕ್ಷಿಸಿ ಇಡುತ್ತಿರಲಿಲ್ಲ. ಅವರ ದೃಷ್ಟಿಯಲ್ಲಿ ಗ್ರಂಥವು ಕನ್ನಡಿಯಿದ್ದಂತೆ. ಕನ್ನಡಿಯು ಮುಖದ ಕಲೆಯನ್ನು ತೋರಿಸುತ್ತದೆ, ತೊಳೆಯುವುದಿಲ್ಲ. ತೊಳೆಯುವ ಕೆಲಸ ನೋಡಿಕೊಂಡವನದು. ಏಕಾಂತದ ನೆಮ್ಮದಿಯಷ್ಟನ್ನೇ ಗುರಿಯಾಗಿಸಿಕೊಂಡ ಅಂತರಂಗ ಸಾಧನೆಯನ್ನೂ ಶರಣರು ಪೂರ್ಣವೆನ್ನಲಿಲ್ಲ. ಒಳಗಿನ ಅರಿವು ಹೊರಗೆ ಕಾಯಕವಾಗಿ, ದಾಸೋಹವಾಗಿ, ನೆರೆಯವನನ್ನು ಸಮಾನನಾಗಿ ಕಾಣುವ ಆಚಾರವಾಗಿ ಹರಿದಾಗಲೇ ಅದಕ್ಕೆ ಅರಿವೆಂಬ ಹೆಸರು.

ಈ ಒರೆಗಲ್ಲಿಗೆ ಬಸವ ಜಯಂತಿಯನ್ನೂ ಹಚ್ಚಿ ನೋಡಬೇಕಾಗಿದೆ. 1913ರ ಆಚರಣೆಯ ಬೆನ್ನಿಗೆ ಓದು, ಭಜನೆ, ವ್ರತ, ಸೇವೆಗಳ ವರ್ಷಪೂರ್ತಿಯ ದುಡಿಮೆಯಿತ್ತು. ಮೆರವಣಿಗೆ, ಪುತ್ಥಳಿ, ಹಾರಗಳಷ್ಟೇ ಉಳಿದು ಓದು ಮರೆಯಾದರೆ, ಓಲೆಗರಿಯ ಕಟ್ಟಿಗೆ ಪೂಜೆ ಮಾಡಿ ಮತ್ತೆ ಜಗಲಿಯ ಮೇಲಿಟ್ಟ ಹಳೆಯ ತಪ್ಪನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದಂತಾಗುತ್ತದೆ.

ಪರಿಹಾರವೂ ಆ ಹಿರಿಯರ ನಡೆಯಲ್ಲಿಯೇ ಇದೆ, ಅದು ದುಬಾರಿಯೂ ಅಲ್ಲ. ಮನೆಯಲ್ಲಿ ಸಂಜೆಯ ಹೊತ್ತು ಲಿಂಗಪೂಜೆಯ ತರುವಾಯ ಒಬ್ಬರು ಒಂದು ವಚನವನ್ನು ಗಟ್ಟಿಯಾಗಿ ಓದಲಿ. ಮಕ್ಕಳು ಅರ್ಥ ಕೇಳಲಿ, ಹಿರಿಯರು ತಮಗೆ ತಿಳಿದಷ್ಟು ಹೇಳಲಿ, ತಿಳಿಯದುದನ್ನು ತಿಳಿಯದೆಂದೇ ಒಪ್ಪಿಕೊಳ್ಳಲಿ. ಮರುದಿನ ಆ ವಚನದ ಒಂದು ಮಾತಾದರೂ ನಡೆಯಲ್ಲಿ ಇಳಿಯಿತೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ದಾವಣಗೆರೆಯ ವಿರಕ್ತ ಮಠದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೊತ್ತಿದ ದೀಪಕ್ಕೆ ಪ್ರತಿ ಮನೆಯೂ ಹಾಕಬಹುದಾದ ಎಣ್ಣೆ ಇಷ್ಟೇ.